ಟೈರಿಗೆ ಹೊಳಪು ಬೇಕೇ?

ಸಂಚಿಕೆಗೆ ಏನಾದರೊಂದು ಲೇಖನ ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, "ಟೈರ್ ಪಾಲಿಶಿನ ಮೇಲೆ ಬರೆಯುತ್ತೇನೆ" ಎಂದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಕಲಾ ವಿಭಾಗದ ನಾವು ಯುವಜನರ ಹೊಣೆ, ಸಾಹಿತ್ಯದಲ್ಲಿ ಸೌಂದರ್ಯ ಮೊದಲಾದ ಘನವಾದ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ಅವುಗಳ ನಡುವೆ ಒಂದು ಟೈರು ಉರುಳಿಕೊಂಡು ಬಂದರೆ ಯಾರಿಗಾದರೂ ನಗು ಬರುವುದು ಸಹಜವೇ. ಆದರೆ ಮಿತ್ರರೇ, ನಮ್ಮ ಕಾಲೇಜಿನ ಹೊಂಗೆಮರಗಳ ಕೆಳಗೆ ಬೆಳಗ್ಗೆ ಹತ್ತು ಗಂಟೆಗೆ ನಿಂತಿರುವ ಬೈಕು ಸ್ಕೂಟರುಗಳನ್ನು ಒಮ್ಮೆ ನೋಡಿ ಬನ್ನಿ. ಅವುಗಳಲ್ಲಿ ಎಷ್ಟರ ಟೈರು ಹೊಸ ಪಾದರಕ್ಷೆಯಂತೆ ಮಿರಮಿರನೆ ಮಿಂಚುತ್ತಿದೆ ಎಂಬುದನ್ನು ಲೆಕ್ಕಹಾಕಿ. ಅನಂತರ ನಗಬಹುದು.

ನಾನು ಈ ವಿಷಯದಲ್ಲಿ ಪಂಡಿತನಲ್ಲ; ಕೈ ಕಪ್ಪುಮಾಡಿಕೊಂಡವನು, ಅಷ್ಟೆ. ನನ್ನ ಸೋದರಮಾವನದು ಹೆದ್ದಾರಿಗೆ ಸೇರುವ ದಾರಿಯಲ್ಲಿ ಒಂದು ಚಿಕ್ಕ ವಾಟರ್ ಸರ್ವೀಸು. ಪಕ್ಕದಲ್ಲೇ ಪಂಕ್ಚರ್ ಹಾಕುವ ಗೂಡಂಗಡಿಯೂ ಉಂಟು. ಪಿ.ಯು.ಸಿ. ಓದುತ್ತಿದ್ದಾಗಿನಿಂದಲೂ ಭಾನುವಾರ ಮತ್ತು ರಜಾದಿನಗಳಲ್ಲಿ ನಾನು ಅಲ್ಲಿ ಗಾಡಿ ತೊಳೆಯುತ್ತೇನೆ. ನನ್ನ ಕಾಲೇಜಿನ ಫೀಜು ಬಹುಮಟ್ಟಿಗೆ ಅಲ್ಲಿಯ ನೊರೆಯಿಂದಲೇ ಹುಟ್ಟಿದ್ದು. ಆದಕಾರಣ ಈಗ ನಾನು ಹೇಳಹೊರಟಿರುವ ಮಾತು ಉಂಡಮನೆಯ ವಿರುದ್ಧ ಹೇಳುವ ಮಾತಿನ ಹಾಗೆ ಕಾಣಬಹುದು. ಮಾವನಿಗೂ ಮೊದಲು ಹಾಗೆಯೇ ಕಂಡಿತು.

ಟೈರ್ ಪಾಲಿಶ್ ಎಂಬುದು ಎರಡು ಬಗೆಯದು. ಒಂದು ಹಾಲಿನಂತೆ ಬೆಳ್ಳಗಿರುತ್ತದೆ. ನೀರಿನಲ್ಲಿ ಸಿಲಿಕೋನ್ ಎಣ್ಣೆಯನ್ನು ಕಲಸಿ ಮಾಡಿದ್ದು. ಇನ್ನೊಂದು ತಿಳಿಯಾದ ಎಣ್ಣೆಯಂತಿರುತ್ತದೆ. ಸೀಮೆಎಣ್ಣೆಯ ಜಾತಿಗೆ ಸೇರಿದ ದ್ರವದಲ್ಲಿ ಅದೇ ಸಿಲಿಕೋನನ್ನು ಕರಗಿಸಿದ್ದು. ಮೊದಲನೆಯದರ ಹೊಳಪು ಸೌಮ್ಯ, ಎರಡು ಮಳೆ ಬಿದ್ದರೆ ಮಾಯ. ಎರಡನೆಯದು ಕಣ್ಣು ಕೋರೈಸುವಂತೆ ಮಿಂಚುತ್ತದೆ, ಬಹಳ ದಿನ ಇರುತ್ತದೆ. ಗಿರಾಕಿಗೆ ಯಾವುದು ಇಷ್ಟವೆಂದು ಬೇರೆ ಹೇಳಬೇಕಾಗಿಲ್ಲ. ಇವೆರಡೂ ದುಬಾರಿಯೆನಿಸಿದವರು ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲನ್ನು ಬಳಿದುಕೊಂಡು ಬಂದ ಲಾರಿಯನ್ನೂ ನಾನು ನೋಡಿದ್ದೇನೆ.

ಪಾಲಿಶಿನ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಕಾರನ್ನು ಎಷ್ಟೇ ಚೆನ್ನಾಗಿ ತೊಳೆದು ಒರೆಸಿದರೂ ಟೈರು ಬೂದುಬೂದಾಗಿದ್ದರೆ ಅದು ತೊಳೆದ ಹಾಗೆಯೇ ಕಾಣುವುದಿಲ್ಲ. ಪಂಚೆ ಶಲ್ಯಗಳೆಲ್ಲ ಮಡಿಯಾಗಿದ್ದು ಕಾಲು ಮಾತ್ರ ಕೆಸರಾಗಿರುವ ಮದುವೆಗಂಡಿನಂತೆ ಇರುತ್ತದೆ. ಅದೇ, ಸ್ಪಂಜನ್ನು ಟೈರಿನ ಪಕ್ಕೆಯ ಮೇಲೆ ಒಂದು ಸುತ್ತು ಆಡಿಸಿದರೆ ಸಾಕು, ಇಡೀ ಗಾಡಿಗೆ ಕಳೆ ಬರುತ್ತದೆ. ಸಾಲಮಾಡಿ ಕಾರು ಕೊಂಡ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತು, ತಲೆಯನ್ನು ಸ್ವಲ್ಪ ಓರೆಮಾಡಿ ನೋಡುತ್ತಾನಲ್ಲ, ಆ ನೋಟಕ್ಕೆ ಬೆಲೆಕಟ್ಟಲಾಗುವುದಿಲ್ಲ. ಮಾವ ಅದಕ್ಕೆ ೩೦ ರೂಪಾಯಿ ಕಟ್ಟುತ್ತಾರೆ. ಅದರಲ್ಲಿ ಅವರಿಗೆ ಉಳಿಯುವುದು ತೊಳೆದದ್ದರಲ್ಲಿ ಉಳಿಯುವುದಕ್ಕಿಂತ ಹೆಚ್ಚು. ನೀರು, ಕರೆಂಟು, ಕೂಲಿ ಎಲ್ಲವೂ ತೊಳೆಯುವುದಕ್ಕೇ ಹೋಗುತ್ತದೆ. ಹೀಗಿರುವಾಗ ಪಾಲಿಶನ್ನು ಬರಿಯ ಷೋಕಿ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಷೋಕಿಯೂ ಒಂದು ಸಂತೋಷವೇ. ಬಡವರಿಗೆ ಅದು ಸಲ್ಲದು ಎಂದು ಹೇಳುವವರು ಸಾಮಾನ್ಯವಾಗಿ ಬಡವರಾಗಿರುವುದಿಲ್ಲ.

ಆದರೆ ಪಾಲಿಶಿನಿಂದ ಟೈರಿಗೆ ಆಯುಷ್ಯ ಹೆಚ್ಚುತ್ತದೆ, ಬಿಸಿಲಿನಿಂದ ರಕ್ಷಣೆ ಸಿಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದುಂಟು. ಗಿರಾಕಿಗಳಿಗೆ ನಾನೂ ಅದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ. ಇದು ನಿಜವೇ ಎಂದು ನೋಡಬೇಕಾದರೆ ಟೈರು ಏಕೆ ಕಪ್ಪು ಎಂಬಲ್ಲಿಂದ ಹೊರಡಬೇಕು.

ರಬ್ಬರು ಹುಟ್ಟುತ್ತ ಕಪ್ಪಲ್ಲ. ಸುಳ್ಯ ಪುತ್ತೂರುಗಳ ಕಡೆಯಿಂದ ಬಂದ ಸಹಪಾಠಿಗಳನ್ನು ಕೇಳಿ ನೋಡಿ: ಮರದಿಂದ ಇಳಿಯುವುದು ಹಾಲು, ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದರೆ ಜೇನಿನ ಬಣ್ಣದ ಹಾಳೆ. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗುತ್ತದೆಂದು ಕಂಡುಕೊಂಡ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಮೊದಲು ಅದನ್ನು ಕಟ್ಟಿದ್ದು ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ. ಆ ಕಾಲದ ಟೈರುಗಳು ಬಿಳಿ ಅಥವಾ ಬೂದುಬಣ್ಣದವಾಗಿದ್ದವು. ಕಳೆದ ಶತಮಾನದ ಎರಡನೆಯ ದಶಕದಿಂದೀಚೆಗೆ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಮಸಿಯನ್ನು ಬೆರೆಸುವುದು ರೂಢಿಗೆ ಬಂತು. ಬಣ್ಣಕ್ಕಾಗಿ ಅಲ್ಲ, ಮಸಿ ಸೇರಿದ ರಬ್ಬರು ಬೇಗ ಸವೆಯುವುದಿಲ್ಲ, ಬೇಗ ಹರಿಯುವುದಿಲ್ಲ, ಬಿಸಿಲಿನ ನೇರಳಾತೀತ ಕಿರಣಗಳನ್ನು ತಾನೇ ಹೀರಿ ತಡೆಯುತ್ತದೆ. ಎಂದರೆ ಟೈರಿಗೆ ಕೊಡೆ ಕಾರ್ಖಾನೆಯಲ್ಲೇ ಸಿಕ್ಕಿರುತ್ತದೆ. ನಾವು ಮೇಲೆ ಇನ್ನೊಂದು ಹಿಡಿಯಬೇಕಾಗಿಲ್ಲ.

ಬಿಸಿಲಿಗಿಂತ ಟೈರಿಗೆ ದೊಡ್ಡ ವೈರಿ ಗಾಳಿಯಲ್ಲಿರುವ ಓಜೋನು. ಅದು ಪಕ್ಕೆಯ ರಬ್ಬರನ್ನು ಸಣ್ಣಸಣ್ಣದಾಗಿ ಸೀಳುತ್ತದೆ. ಇದಕ್ಕೂ ಕಾರ್ಖಾನೆಯವರು ಔಷಧ ಬೆರೆಸಿರುತ್ತಾರೆ: ಒಂದಿಷ್ಟು ಮೇಣ, ಒಂದಿಷ್ಟು ರಾಸಾಯನಿಕ. ಗಾಡಿ ಓಡುವಾಗ ಟೈರು ಬಾಗಿ ಬಳುಕಿದಂತೆಲ್ಲ ಅವು ಒಳಗಿನಿಂದ ಮೇಲಕ್ಕೆ ಒಸರುತ್ತಿರುತ್ತವೆ. ನಿಲ್ಲಿಸಿಯೇ ಇಟ್ಟ ಗಾಡಿಯ ಟೈರು ಬೇಗ ಬಿರುಕುಬಿಡುವುದಕ್ಕೆ ಇದೂ ಒಂದು ಕಾರಣ. ಈ ಔಷಧ ಗಾಳಿಗೆ ಸೋಕಿ ಕಂದುಬಣ್ಣಕ್ಕೆ ತಿರುಗುತ್ತದೆ. ನಾವು ಅದನ್ನು ಕೊಳೆಯೆಂದು ತಿಳಿದು, ಗಡಸು ಸೋಪು ಹಾಕಿ, ಬ್ರಷ್ಷಿನಿಂದ ತಿಕ್ಕಿ ತೆಗೆದು, ಮೇಲೆ ಪಾಲಿಶ್ ಬಳಿಯುತ್ತೇವೆ. ನಾಲ್ಕು ವರ್ಷ ಶ್ರದ್ಧೆಯಿಂದ ನಾನು ಮಾಡಿದ ಕೆಲಸ ಇದೇ: ಟೈರು ತಾನೇ ಹಚ್ಚಿಕೊಂಡ ಮುಲಾಮನ್ನು ಒರೆಸಿಹಾಕುವುದು. (ಆ ಮುಲಾಮೂ ಪೂರ್ತಿ ಸಾಧುವಲ್ಲ. ಅದು ಓಜೋನಿನೊಡನೆ ಕೂಡಿ ಹುಟ್ಟುವ ಒಂದು ವಸ್ತು ಮಳೆನೀರಿನೊಡನೆ ಹೊಳೆ ಸೇರಿ ಕೋಹೋ ಸಾಲ್ಮನ್ ಎಂಬ ಮೀನನ್ನು ಕೊಲ್ಲುತ್ತಿದೆಯೆಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಜ್ಞಾನಿಗಳು ೨೦೨೦ರಲ್ಲಿ ಪತ್ತೆಹಚ್ಚಿದರು. ಮಾವನ ಅಂಗಡಿಯ ಚರಂಡಿ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸತೊಡಗಿದ್ದು ಅದನ್ನು ಓದಿದ ಮೇಲೆ. ಕೆರೆಗೇ ಹೋಗುತ್ತದೆ.)

ಹಾಗಾದರೆ ಪಾಲಿಶು ಟೈರನ್ನು ಕೆಡಿಸುತ್ತದೆಯೇ? ಡೀಸೆಲ್ಲು ಮತ್ತು ಹಳೆಯ ಆಯಿಲಿನ ವಿಷಯದಲ್ಲಿ ಸಂಶಯವೇ ಬೇಡ. ಖನಿಜ ತೈಲ ತಗುಲಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಡಬ್ಬಿಯ ಪಾಲಿಶಿನ ವಿಷಯದಲ್ಲಿ ಮಾತ್ರ ಎರಡು ಕಡೆಗೂ ನ್ಯಾಯ ಹೇಳಬೇಕು. ಮಿಷೆಲಿನ್ ಕಂಪೆನಿಯವರು ಮನೆಯಂತೆ ವಾಸಕ್ಕೆ ಬಳಸುವ ದೊಡ್ಡ ಗಾಡಿಗಳ ಟೈರುಗಳಿಗಾಗಿ ಬರೆದ ಕೈಪಿಡಿಯಲ್ಲಿ ಪೆಟ್ರೋಲಿಯಂ, ಆಲ್ಕೋಹಾಲ್ ಅಥವಾ ಸಿಲಿಕೋನ್ ಇರುವ ಪಾಲಿಶುಗಳು ಬಿರುಕಿಗೆ ದಾರಿಮಾಡಿಕೊಡುತ್ತವೆಂದು ಎಚ್ಚರಿಸಿದ್ದಾರೆ. ಜೊತೆಗೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುವ ಸಾಧಾರಣ ಕಾರಿನ ಟೈರಿನಲ್ಲಿ ಅಂಥ ತೊಂದರೆ ಕಾಣುವುದು ಅಪರೂಪವೆಂದೂ ಅವರೇ ಒಪ್ಪಿದ್ದಾರೆ. ನಮ್ಮ ರಸ್ತೆಗಳಲ್ಲಿ ದಿನವೂ ಓಡುವ ಟೈರು ಬಿರುಕು ಬಿಡುವ ಮೊದಲೇ ಸವೆದು ಮುಗಿಯುತ್ತದೆ. ಆದ್ದರಿಂದ ಕಾರಿನ ಪಕ್ಕೆಗೆ ಹಾಲಿನಂಥ ಪಾಲಿಶನ್ನು ತೆಳ್ಳಗೆ ಹಚ್ಚಿ, ಆರಿದಮೇಲೆ ಒಣಬಟ್ಟೆಯಿಂದ ಒರೆಸಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಚಂದ ಮಾತ್ರ ಉಂಟು ಎಂಬುದು ನನ್ನ ಅಭಿಪ್ರಾಯ. ಒರೆಸದೆ ಬಿಟ್ಟರೆ ಹೆಚ್ಚಾದದ್ದೆಲ್ಲ ಚಕ್ರ ತಿರುಗಿದಾಗ ಸಿಡಿದು ಬಾಗಿಲ ಮೇಲೆ ಚುಕ್ಕೆಯಿಡುತ್ತದೆ. ಬಿಳಿ ಕಾರಿನವರು ಇದಕ್ಕಾಗಿಯೇ ಜಗಳಕ್ಕೆ ಬರುತ್ತಾರೆ.

ವಿಷಯ ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ.

ನನಗೆ ಒಬ್ಬಳು ಅಕ್ಕ. ಊರಿನಿಂದ ೧೪ ಕಿಲೋಮೀಟರು ದೂರದ ಹಳ್ಳಿಯೊಂದರಲ್ಲಿ ಅತಿಥಿ ಶಿಕ್ಷಕಿ. ಬಸ್ಸನ್ನು ನಂಬಿಕೊಂಡರೆ ಮೊದಲ ಪೀರಿಯಡ್ಡಿಗೆ ಮುಟ್ಟುವುದಿಲ್ಲವಾದ್ದರಿಂದ ೨೦೨೨ರಲ್ಲಿ ಮಹಿಳಾ ಸಂಘದಿಂದ ಸಾಲ ತೆಗೆದು ಒಂದು ಹಳೆಯ ಸ್ಕೂಟರನ್ನು ಕೊಂಡಳು. ಮಾರಿದಾತ ಬಹಳ ಮರ್ಯಾದಸ್ಥನಂತೆ ಮಾತನಾಡಿದ. ಸ್ಕೂಟರು ಮಿಂಚುತ್ತಿತ್ತು, ಟೈರಂತೂ ಹೊಸದರ ಹಾಗಿತ್ತು. ಎರಡು ತಿಂಗಳ ಮಳೆಗೆ ಹೊಳಪು ತೊಳೆದುಹೋದಮೇಲೆ ನೋಡಿದರೆ ಪಕ್ಕೆಯ ತುಂಬ ಬೇಸಗೆಯ ಕೆರೆಯಂಗಳದಂತೆ ಬಿರುಕು. ಮಾವ ಬಗ್ಗಿ ಕುಳಿತು, ಒದ್ದೆ ಬಟ್ಟೆಯಿಂದ ಟೈರಿನ ಪಕ್ಕೆಯನ್ನು ಒರೆಸಿ, ಒಂದು ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕಿಗಳನ್ನು ತೋರಿಸಿದರು: ೩೧೧೧. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ೨೦೧೧ನೆಯ ಇಸವಿಯ ೩೧ನೆಯ ವಾರದಲ್ಲಿ ತಯಾರಾದ ಟೈರು. ಅದಕ್ಕೆ ಹನ್ನೊಂದು ವರ್ಷ!

"ಇದನ್ನು ಓದೋದು ಯಾರೂ ಹೇಳಿಕೊಡಲಿಲ್ಲವೇನೋ ನಿಮ್ಮ ಕಾಲೇಜಲ್ಲಿ?" ಎಂದು ಮಾವ ನನ್ನನ್ನು ಕೇಳಿದರು.

ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕು ಅಂಕಿಗಳನ್ನು ಓದಲು ಬಾರದೆ ಅಕ್ಕ ಎರಡು ಟೈರಿನ ದುಡ್ಡು ತೆತ್ತಳು. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಅದೊಂದೇ ಅಲ್ಲ. ಭುಜದ ಬಳಿ ಒಂದು ಚಿಕ್ಕ ತ್ರಿಕೋನವೋ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ನೆಲ ಮುಟ್ಟುವ ಭಾಗದ ತೋಡಿನೊಳಗೆ ಒಂದು ಸಣ್ಣ ದಿಣ್ಣೆ. ಗ್ರಿಪ್ಪು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಕಾಲ ಮುಗಿಯಿತು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ತ್ರಿಚಕ್ರ ವಾಹನಗಳಿಗೆ ೦.೮ ಮಿಲಿಮೀಟರು, ಉಳಿದವಕ್ಕೆ ೧.೬ ಮಿಲಿಮೀಟರು ಆಳವಾದರೂ ಉಳಿದಿರಬೇಕೆಂದು ಹೇಳುತ್ತವೆ. ಹೀಗೆ ಟೈರು ತನ್ನ ಜಾತಕವನ್ನು ಮೈಮೇಲೆಯೇ ಬರೆದುಕೊಂಡು ತಿರುಗುತ್ತದೆ. ಆದರೆ ಹೊಳಪು ಕಣ್ಣಿಗೆ ಬಿದ್ದೊಡನೆ ಓದುವ ಆಸೆ ಹೋಗಿಬಿಡುತ್ತದೆ. ಬಿರುಕಿನೊಳಗೆ ಎಣ್ಣೆ ಇಳಿದರೆ ಬಿರುಕೇ ಕಾಣಿಸುವುದಿಲ್ಲ. ಮಾರುವ ಹಿಂದಿನ ದಿನ ಗಾಡಿ ತಂದು "ಟೈರು ಚೆನ್ನಾಗಿ ಹೊಡೆಯಪ್ಪಾ" ಎಂದವರಿಗೆಲ್ಲ ನಾನು ಚೆನ್ನಾಗಿಯೇ ಹೊಡೆದುಕೊಟ್ಟಿದ್ದೇನೆ. ಆ ಗಾಡಿಗಳನ್ನು ಯಾರ ಅಕ್ಕಂದಿರು ಕೊಂಡರೋ!

ಇನ್ನು ೨೦೨೪ರ ಆಯುಧಪೂಜೆ. ಹಿಂದಿನ ರಾತ್ರಿ ಹನ್ನೊಂದರವರೆಗೂ ಮಾವನ ಅಂಗಡಿಯಲ್ಲಿ ಗಾಡಿಗಳ ಸಾಲು. ಕೊನೆಗೆ ನಮ್ಮ ಮನೆಯ ಸ್ಕೂಟರು. ದಣಿವಾಗಿತ್ತು, ಆದರೆ ಅಕ್ಕನ ಗಾಡಿ ಎಲ್ಲರದ್ದಕ್ಕಿಂತ ಚೆನ್ನಾಗಿ ಕಾಣಬೇಕೆಂಬ ಹಂಬಲ. ಎಣ್ಣೆಯಂಥ ಪಾಲಿಶನ್ನೇ ತೆಗೆದುಕೊಂಡು, ಪಕ್ಕೆಗೆ ಮಾತ್ರವಲ್ಲದೆ ಭುಜಕ್ಕೂ, ನೆಲ ಮುಟ್ಟುವ ಗ್ರಿಪ್ಪಿಗೂ ಬಳಿದೆ. ಮುಂದಿನಿಂದ ನೋಡಿದರೆ ಕಾಣುವುದು ಅದೇ ತಾನೆ! ಬೆಳಗ್ಗೆ ಸೇವಂತಿಗೆ ಹಾರ, ಬಾಳೆಕಂದು, ಕುಂಬಳಕಾಯಿ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ಅಮ್ಮ ಚರ್ಪಿನ ಡಬ್ಬಿ ಕೊಟ್ಟು "ಅತ್ತೆ ಮನೆಗೆ ಕೊಟ್ಟು ಬಾ" ಎಂದು ಅಕ್ಕನನ್ನು ಕಳಿಸಿದರು. ನೇರ ಬೀದಿಯಲ್ಲಿ ಸ್ಕೂಟರು ಚೆನ್ನಾಗಿಯೇ ಹೋಯಿತು. ದೇವಸ್ಥಾನದ ಮೂಲೆಯಲ್ಲಿ ಎಡಕ್ಕೆ ವಾಲಿಸಿದಳು. ಮುಂದಿನ ಚಕ್ರ ಸೋಪಿನ ಬಿಲ್ಲೆಯಂತೆ ಜಾರಿತು.

ಬಲಗೈಯ ಮಣಿಕಟ್ಟು ಮುರಿಯಿತು. ಅದು ಸೀಮೆಸುಣ್ಣ ಹಿಡಿಯುವ ಕೈ. ಆರು ವಾರ ಪ್ಲಾಸ್ಟರು. ಅತಿಥಿ ಶಿಕ್ಷಕಿಗೆ ಪಾಠಮಾಡದ ದಿನದ ಸಂಬಳವಿಲ್ಲ.

ಬೀದಿಯವರು ತಲೆಗೊಂದು ಕಾರಣ ಹೇಳಿದರು. ನಿಂಬೆಹಣ್ಣಿನ ರಸ ಅಂಟಿತ್ತು ಎಂದರು ಒಬ್ಬರು. ಕುಂಬಳಕಾಯಿ ಸರಿಯಾಗಿ ಒಡೆಯಲಿಲ್ಲ ಎಂದರು ಇನ್ನೊಬ್ಬರು. ದೃಷ್ಟಿ ತಗುಲಿತು, ಅಷ್ಟು ಚೆಂದ ಮಾಡಿಕೊಂಡು ಹೋಗಬಾರದಿತ್ತು ಎಂದರು ಅತ್ತೆ. ಅವರ ಮಾತೇ ಸತ್ಯಕ್ಕೆ ಎಲ್ಲಕ್ಕಿಂತ ಹತ್ತಿರವಾಗಿತ್ತು! ಬಿದ್ದ ಸ್ಕೂಟರನ್ನು ಎತ್ತಿದವನು ನಾನು. ಮುಂದಿನ ಟೈರಿನ ಭುಜಕ್ಕೆ ಬೆರಳಿಟ್ಟಾಗ ಅದು ಜಾರಿತು. ನನಗೆ ಆ ಕ್ಷಣವೇ ಗೊತ್ತಾಯಿತು, ಆದರೂ ಬಾಯಿ ಬಿಡಲಿಲ್ಲ. ಎಲ್ಲರೂ ದೃಷ್ಟಿಯ ಮೇಲೆ ಹಾಕುತ್ತಿದ್ದರು. ನಾನೂ ಹಾಕಲು ಬಿಟ್ಟೆ.

ಕಾರಣ ಸರಳವಾದುದು. ಕಾರು ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತು ತಿರುಗುತ್ತದೆ. ಅದರ ಟೈರಿನ ಪಕ್ಕೆ ನೆಲಕ್ಕೆ ತಾಗುವುದಿಲ್ಲ. ಎರಡು ಚಕ್ರದ ಗಾಡಿ ವಾಲಿಕೊಂಡು ತಿರುಗುತ್ತದೆ. ವಾಲಿದಾಗ ನೆಲ ಹಿಡಿಯುವುದು ಟೈರಿನ ನಡುಭಾಗವಲ್ಲ, ಭುಜ. ಅದೂ ಅಂಗೈಯಗಲಕ್ಕಿಂತ ಕಡಮೆ ಜಾಗ. ಅಲ್ಲಿ ಎಣ್ಣೆಯಿದ್ದರೆ ಇನ್ನೇನು ಉಳಿಯಿತು? ಇದರಲ್ಲಿ ಒಂದು ಮೋಸವೂ ಉಂಟು. ನೇರ ದಾರಿಯಲ್ಲಿ ಓಡುವಷ್ಟು ಹೊತ್ತು ನಡುಭಾಗದ ಪಾಲಿಶು ಡಾಂಬರಿಗೆ ಉಜ್ಜಿ ಹೋಗುತ್ತದೆ. ಬ್ರೇಕು ಹಿಡಿಯುತ್ತದೆ, ಏನೂ ಆಗಿಲ್ಲವೆಂದು ಧೈರ್ಯ ಬರುತ್ತದೆ. ಭುಜದ ಎಣ್ಣೆ ಮಾತ್ರ ಮೊದಲ ತಿರುವಿಗಾಗಿ ಹಾಗೆಯೇ ಕಾದಿರುತ್ತದೆ. ಭುಜವನ್ನು ಬಿಟ್ಟು ಪಕ್ಕೆಗೆ ಮಾತ್ರ ಹಚ್ಚಿದರಾಗದೇ ಎಂದು ಕೇಳುವವರಿದ್ದಾರೆ. ಬೈಕಿನ ಪಕ್ಕೆ ಎಷ್ಟಗಲ? ಎರಡು ಬೆರಳು. ಚಕ್ರ ತಿರುಗಿದಾಗ ಎಣ್ಣೆ ಹೊರಕ್ಕೇ, ಗ್ರಿಪ್ಪಿನ ಕಡೆಗೇ ಹರಿಯುತ್ತದೆ. ಸಿಂಪಡಿಸುವ ಡಬ್ಬಿಯಾದರೆ ಪಕ್ಕದ ಡಿಸ್ಕ್ ಬ್ರೇಕಿನ ಮೇಲೂ ಬೀಳುತ್ತದೆ. ಟೈರು ಜಾರುವುದು ಒಂದು ಕಡೆಯಾದರೆ ಬ್ರೇಕು ಹಿಡಿಯದಿರುವುದು ಇನ್ನೊಂದು ಕಡೆ.

ಮೂರು ತಿಂಗಳು ಕಳೆದಮೇಲೆ, ಸಂಕ್ರಾಂತಿಯ ಹೊತ್ತಿಗೆ, ಅಕ್ಕನಿಗೆ ಹೇಳಿದೆ. ಅವಳು ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಳು. ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲವಾಗಿ ನಿಧಾನವಾಗಿ ಹೆಚ್ಚುತ್ತಿದ್ದಳು. ಬೈಯುತ್ತಾಳೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಮಾವನ ಅಂಗಡೀಲಿ ಇನ್ನೆಷ್ಟು ಗಾಡಿಗೆ ಹಾಗೆ ಬಳಿದೆ?" ಎಂದು ಕೇಳಿದಳು.

ನಾನು ಎಣಿಸಿರಲಿಲ್ಲ.

"ಅವರಿಗೆಲ್ಲ ಹೇಳಿದೆಯೇನೋ?"

ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಹಲವು ಗಾಡಿಗಳು ಆ ರಾತ್ರಿ ಆ ಸಾಲಿನಲ್ಲಿ ನಿಂತಿದ್ದವು. ಯಾರಿಗೂ ಏನೂ ಆಗಲಿಲ್ಲವೆಂದು ಕೇಳಿದ್ದೇನೆ. ಅದು ನನ್ನ ಜಾಣತನದಿಂದಲ್ಲ.

ಮಾವನೊಡನೆ ಮಾತನಾಡುವುದು ಅಕ್ಕನೊಡನೆ ಮಾತನಾಡಿದ್ದಕ್ಕಿಂತ ಕಷ್ಟವಾಯಿತು. ಬೈಕಿಗೆ ಪಾಲಿಶ್ ಬೇಡ, ಮಾರುವ ಗಾಡಿಗೂ ಬೇಡ ಎಂದೆ. "ಕಾಲೇಜಿಗೆ ಸೇರಿಸಿದ್ದು ನನ್ನ ವ್ಯಾಪಾರಕ್ಕೆ ಕಲ್ಲು ಹಾಕೋಕೇನೋ? ನಾವು ಹಾಕದಿದ್ದರೆ ಎದುರಿನವನು ಹಾಕ್ತಾನೆ" ಎಂದರು. ಅವರ ಮಾತೂ ಸುಳ್ಳಲ್ಲ. ಎದುರಿಗೆ ಇನ್ನೊಂದು ವಾಟರ್ ಸರ್ವೀಸು ತೆರೆದಿದೆ. ಮಾರುವ ಗಾಡಿಯ ವಿಷಯದಲ್ಲಿ ಅವರು ಇಂದಿಗೂ ನನ್ನ ಮಾತನ್ನು ಒಪ್ಪಿಲ್ಲ. "ಕೊಳ್ಳುವವನು ನೋಡಿ ಕೊಳ್ಳಲಿ, ಅದು ಅವನ ಕಣ್ಣು" ಎಂಬುದು ಅವರ ವಾದ. ಅದಕ್ಕೇ ಹೇಳುತ್ತಿದ್ದೇನೆ: ಹಳೆಯ ಗಾಡಿ ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡು ಹೋಗಿ. ಟೈರು ಎಷ್ಟು ಹೆಚ್ಚು ಹೊಳೆಯುತ್ತದೆಯೋ ಅಷ್ಟು ಹೆಚ್ಚು ತಿಕ್ಕಿ. ನಾಲ್ಕು ಅಂಕಿಗಳನ್ನು ಓದಿ, ಆಮೇಲೆ ಬೆಲೆಯ ಮಾತಾಡಿ. ಬೈಕಿನ ವಿಷಯದಲ್ಲಿ ಮಾತ್ರ ಮಾವ ಅಕ್ಕನ ಕೈ ನೋಡಿದಮೇಲೆ ಸೋತರು. ಈಗ ಅವರ ಅಂಗಡಿಯಲ್ಲಿ ಎರಡು ಚಕ್ರದ ಗಾಡಿಗೆ ಸೋಪುನೀರು, ಆಮೇಲೆ ಒಣಬಟ್ಟೆ, ಅಷ್ಟೆ.

ಮೊನ್ನೆ ಭಾನುವಾರ ನಮ್ಮ ಕಾಲೇಜಿನವನೇ ಒಬ್ಬ ಕಿರಿಯ ಮಿತ್ರ ಹೊಸ ಬೈಕು ತಂದಿದ್ದ. ಕಾಲೇಜು ದಿನಾಚರಣೆಗೆ ಟೈರು ಮಿಂಚಬೇಕಂತೆ. ಮಾವ ತಲೆಯೆತ್ತದೆಯೇ "ಬೈಕಿಗೆ ಹಾಕಲ್ಲ ಕಣಪ್ಪಾ" ಎಂದರು. ನಾನು ಕಾರಣ ಹೇಳಲು ಹೋದೆ. ಅವನು ಕೇಳುವ ಮೊದಲೇ ಗಾಡಿ ತಿರುಗಿಸಿಕೊಂಡು ಎದುರಿನ ಅಂಗಡಿಗೆ ಹೋದ. ಅರ್ಧ ಗಂಟೆಯ ಮೇಲೆ ಮಿಂಚುವ ಟೈರಿನಲ್ಲಿ ನಮ್ಮ ಮುಂದೆಯೇ ಹಾದುಹೋದ, ಕೈಯನ್ನೂ ಬೀಸಿದ. ಈ ಸಂಚಿಕೆ ಅವನ ಕೈಗೂ ಬರುತ್ತದೆ. ಮಿತ್ರನೇ, ಆ ಹೊಳಪು ಇನ್ನೂ ಹೋಗಿಲ್ಲವಾದರೆ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಹಾಕಿ ಗ್ರಿಪ್ಪನ್ನೂ ಭುಜವನ್ನೂ ಎರಡು ಸಲ ತಿಕ್ಕಿ ತೊಳೆ. ಬೆರಳಿಟ್ಟು ನೋಡು, ಜಾರಬಾರದು. ಅಲ್ಲಿಯವರೆಗೆ ದೇವಸ್ಥಾನದ ಮೂಲೆಯಲ್ಲಿ ಬೈಕಿನಿಂದ ಇಳಿದು ತಳ್ಳಿಕೊಂಡು ಹೋದರೂ ತಪ್ಪಿಲ್ಲ.